ಕೂಪರ್ ಅವರ ಹತ್ತು ಸೋಲುಗಳು

ಚಿ. ಪುಟ್ಟನಿಗೆ ತಾತನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಇದ್ದದ್ದನ್ನೆಲ್ಲ ನಿನ್ನ ಅಜ್ಜಿ ಫೋನಿನಲ್ಲಿ ಮೊದಲೇ ಹೇಳಿದ್ದಳು, ಮೂರನೆಯ ಪುಟದ ಒಂದು ಸಾಲನ್ನು ಬಿಟ್ಟು. ನೀನು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಸಹಾಯಕ ಕೋಚ್ ಕೆಲಸ ಹಿಡಿದಾಗ ಮನೆಯಲ್ಲಿ ನಡೆದ ಮಾತುಗಳನ್ನು ನಾನು ಮತ್ತೆ ಎತ್ತುವುದಿಲ್ಲ. ನಿನಗೂ ಸಾಕಾಗಿದೆ, ನಮಗೂ ಸಾಕಾಗಿದೆ. ಆ ಒಂದು ಸಾಲಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಿಮ್ಮ ಕೋಚ್ ಈ ವರ್ಷವೂ ನದಿಯಾಚೆಯ ಕಾಲೇಜಿನ ಎದುರು ಸೋತರು, ಹಳೆಯ ವಿದ್ಯಾರ್ಥಿಗಳೆಲ್ಲ ಅವರನ್ನು ಅಲ್ಲಿನ ಕೋಚ್ ಜೊತೆ ತೂಗಿ ನೋಡಿ ‘ಇವರು ನಮ್ಮ ಪಾಲಿನ ಜಾನ್ ಕೂಪರ್’ ಎಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ ಎಂದು ಬರೆದಿದ್ದೀಯೆ. ಅದರ ಕೆಳಗೆ ‘ತಾತ, ಮುಂದೆ ನನ್ನ ಗತಿಯೂ ಇದೇ ಆದರೆ?’ ಎಂದು ಕೇಳಿ, ಏನೂ ಆಗದವನಂತೆ ಚಳಿಯ ವಿಚಾರಕ್ಕೆ ಹೋಗಿದ್ದೀಯೆ.

ಹೆದರಬೇಡ ಎಂದು ಬರೆಯಲು ಕುಳಿತೆ. ಕೈ ಓಡಲಿಲ್ಲ. 1975ರಿಂದ ಕೊಲಂಬಸ್‌ನಲ್ಲಿ ಇರುವ ನನಗೆ ನಿನ್ನ ಹೆದರಿಕೆ ಸುಳ್ಳಲ್ಲ ಎಂದು ಗೊತ್ತು. ಕೂಪರ್ ಅವರ ಕಾಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. 1988ರಿಂದ 2000ದವರೆಗೆ ಇಲ್ಲಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಮುಖ್ಯ ತರಬೇತುದಾರರಾಗಿ ಅವರು ಗೆದ್ದದ್ದು 111 ಪಂದ್ಯ. ಆ ಹೊತ್ತಿಗೆ ನಮ್ಮ ವಿಶ್ವವಿದ್ಯಾಲಯದಲ್ಲಿ ಹಿಂದಿನ ಕೋಚ್ ವುಡಿ ಹೇಯ್ಸ್ ಒಬ್ಬರನ್ನು ಬಿಟ್ಟರೆ ಅಷ್ಟು ಗೆದ್ದವರು ಇನ್ನೊಬ್ಬರಿರಲಿಲ್ಲ. ಆದರೆ ಈ ಊರಿನ ಯಾವ ಕ್ಷೌರದ ಅಂಗಡಿಯಲ್ಲಾದರೂ ಕೂಪರ್ ಹೆಸರೆತ್ತು. 111 ಎಂಬ ಅಂಕಿ ಯಾರ ಬಾಯಲ್ಲೂ ಬರುವುದಿಲ್ಲ. ‘ಎರಡು, ಹತ್ತು, ಒಂದು’ ಎನ್ನುತ್ತಾರೆ. ನಮ್ಮ ಹಳೆಯ ಎದುರಾಳಿ ಮಿಷಿಗನ್ ವಿಶ್ವವಿದ್ಯಾಲಯದ ಎದುರು ಎರಡು ಗೆಲುವು, ಹತ್ತು ಸೋಲು, ಒಂದು ಸಮಬಲ. 1992ರ ಆ ಸಮಬಲವನ್ನು ವಿಶ್ವವಿದ್ಯಾಲಯದ ಅಧ್ಯಕ್ಷರೇ ನಮ್ಮ ದೊಡ್ಡ ಗೆಲುವುಗಳಲ್ಲಿ ಒಂದು ಎಂಬ ಅರ್ಥದಲ್ಲಿ ಹೊಗಳಿದರು ಎಂದರೆ ಊರಿನ ಮನಸ್ಸು ಎಷ್ಟು ಕುಗ್ಗಿತ್ತು ಎಂದು ಊಹಿಸಿಕೋ.

1995ರಲ್ಲಿ ಹನ್ನೊಂದಕ್ಕೆ ಹನ್ನೊಂದನ್ನೂ ಗೆದ್ದು ಮಿಷಿಗನ್ ತಂಡದ ಊರಾದ ಆನ್ ಆರ್ಬರ್‌ಗೆ ಹೋದರು, 31–23ಕ್ಕೆ ಸೋತರು. ಮಿಷಿಗನ್ನಿನ ಬಿಯಾಕಬುಟುಕ ಎಂಬ ಹುಡುಗ ಆ ದಿನ ಚೆಂಡು ಹಿಡಿದು 313 ಗಜ ಓಡಿದ. ಮರುವರ್ಷ ಹತ್ತಕ್ಕೆ ಹತ್ತನ್ನೂ ಗೆದ್ದು ನಮ್ಮದೇ ಕ್ರೀಡಾಂಗಣದಲ್ಲಿ ನಿಂತರು, 13–9ಕ್ಕೆ ಸೋತರು. 1996ರ ಆ ಸಂಜೆ ನಮ್ಮ ಬೀದಿಯಲ್ಲಿ ಯಾರೂ ಯಾರೊಂದಿಗೂ ಮಾತನಾಡಲಿಲ್ಲ. ನಾನೂ ಅವರನ್ನು ಬೈದವನೇ. ಹತ್ತು ಪಂದ್ಯ ಗೆಲ್ಲಿಸಿದ ಮನುಷ್ಯ ಹನ್ನೊಂದನೆಯದಕ್ಕೆ ಹೇಗೆ ಅಯೋಗ್ಯನಾದ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ಸಂಗತಿ ನಿಮ್ಮ ವಯಸ್ಸಿನವರಿಗೆ ಗೊತ್ತಿದೆಯೋ ಇಲ್ಲವೋ. ಕೂಪರ್ ಇಲ್ಲಿಗೆ ಬರುವ ಮೊದಲು ಅರಿಜೋನಾ ಸ್ಟೇಟ್ ತಂಡದಲ್ಲಿದ್ದರು. 1987ರ ಹೊಸವರ್ಷದ ದಿನ, ಋತು ಮುಗಿದ ಮೇಲೆ ಆಯ್ದ ತಂಡಗಳು ಆಡುವ ರೋಸ್ ಬೌಲ್ ಪಂದ್ಯದಲ್ಲಿ, ಅವರು ಸೋಲಿಸಿದ್ದು ಯಾರನ್ನು? ಬೋ ಶೆಂಬೆಕ್ಲರ್ ಅವರ ಮಿಷಿಗನ್ನನ್ನೇ, 22–15ರಿಂದ. ಮಿಷಿಗನ್ನನ್ನು ಮಣಿಸಿದವರೆಂಬ ಹೆಸರು ಹೊತ್ತು ಬಂದ ಮನುಷ್ಯನೇ ಮಿಷಿಗನ್ನಿಗೆ ಸೋತವರೆಂದು ಹೊರಟರು. ಅದೇ ತಲೆ, ಅದೇ ವಿದ್ಯೆ. ಹೋಲಿಕೆಯ ಲೆಕ್ಕ ಎಷ್ಟು ಮಾತ್ರ ಹೇಳುತ್ತದೆ, ಎಷ್ಟನ್ನು ಮುಚ್ಚಿಡುತ್ತದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಒಂದು ಪಂದ್ಯ ಗೆದ್ದರೆ ಉಳಿದುಕೊಳ್ಳಬಹುದು ಎಂದು ನಿನ್ನ ಮನಸ್ಸಿನಲ್ಲಿದ್ದರೆ ಅದನ್ನೂ ತೆಗೆದುಹಾಕು. ಕೂಪರ್‌ಗಿಂತ ಮುಂಚೆ ಇಲ್ಲಿದ್ದವರು ಅರ್ಲ್ ಬ್ರೂಸ್. 81 ಗೆಲುವು, 26 ಸೋಲು. 1987ರಲ್ಲಿ ಮಿಷಿಗನ್ ಪಂದ್ಯಕ್ಕೆ ಇನ್ನೂ ಕೆಲವೇ ದಿನ ಇರುವಾಗ, ಸೋಮವಾರ, ಅವರನ್ನು ತೆಗೆದರು. ಶನಿವಾರ ಹುಡುಗರು ಹಣೆಗೆ ಅವರ ಹೆಸರು ಬರೆದ ಪಟ್ಟಿ ಕಟ್ಟಿಕೊಂಡು ಆನ್ ಆರ್ಬರ್‌ನಲ್ಲಿ ಆಡಿ 23–20ಕ್ಕೆ ಗೆದ್ದರು. ಬ್ರೂಸ್ ಒಟ್ಟಾರೆ ಮಿಷಿಗನ್ ಎದುರು ಐದು ಗೆದ್ದು ನಾಲ್ಕು ಸೋತವರು. ಆದರೂ ಕೆಲಸ ಹೋಯಿತು. ಸೋತವರೂ ಹೋದರು, ಗೆದ್ದವರೂ ಹೋದರು. ಕೂಪರ್ ಆದ ಮೇಲೆ ಬಂದ ಜಿಮ್ ಟ್ರೆಸೆಲ್ ಮಿಷಿಗನ್ ಎದುರು ಹತ್ತರಲ್ಲಿ ಒಂಬತ್ತು ಗೆದ್ದರು, ಆದರೆ ಹುಡುಗರು ನಿಯಮ ಮುರಿದ ಪ್ರಕರಣದಲ್ಲಿ 2011ರಲ್ಲಿ ರಾಜೀನಾಮೆ ಕೊಡಬೇಕಾಯಿತು. 2010ರ ಗೆಲುವನ್ನಂತೂ ದಾಖಲೆಯಿಂದಲೇ ಅಳಿಸಿದರು. ನಾವು ನೋಡಿ ಕುಣಿದ ಪಂದ್ಯ ಈಗ ಲೆಕ್ಕದಲ್ಲಿ ಇಲ್ಲ.

ಇದನ್ನೆಲ್ಲ ಓದಿ ನಿನ್ನ ಭಯ ಹೆಚ್ಚಾಗುತ್ತದೆಯೋ ಏನೋ. ಧೈರ್ಯ ಹೇಳಬೇಕಾದ ಜಾಗದಲ್ಲಿ ನಾನು ತೆಗೆದುಹಾಕಲ್ಪಟ್ಟವರ ಪಟ್ಟಿ ಕೊಡುತ್ತಿದ್ದೇನೆ. ಆದರೆ ಸುಳ್ಳು ಧೈರ್ಯ ನಿನಗೆ ಒಂದು ಪಂದ್ಯದ ಮಟ್ಟಿಗೂ ಉಳಿಯುವುದಿಲ್ಲ.

ವುಡಿ ದೊಡ್ಡವರೋ ಬೋ ದೊಡ್ಡವರೋ ಎಂದು ನೀನು ಚಿಕ್ಕವನಿದ್ದಾಗ ಕೇಳುತ್ತಿದ್ದೆ. ನಾನು ಯೋಚಿಸದೆಯೇ ವುಡಿ ಎನ್ನುತ್ತಿದ್ದೆ. ಈಗ ಕೇಳಿದರೆ ಅಷ್ಟು ಬೇಗ ಉತ್ತರ ಬರುವುದಿಲ್ಲ. 1969ರಿಂದ 1978ರವರೆಗೆ ಅವರಿಬ್ಬರೂ ಎದುರುಬದುರಾದದ್ದು ಹತ್ತು ಸಲ. ಬೋ ಐದು ಗೆದ್ದರು, ವುಡಿ ನಾಲ್ಕು, ಒಂದು ಸಮ. ಎರಡೂ ತಂಡಗಳಿರುವ ಬಿಗ್ ಟೆನ್ ಎಂಬ ಕೂಟದ ಪ್ರಶಸ್ತಿ ಅವರಿಗೂ ಹದಿಮೂರು, ಇವರಿಗೂ ಹದಿಮೂರು. ರಾಷ್ಟ್ರೀಯ ಪ್ರಶಸ್ತಿಯ ಲೆಕ್ಕ ತೆಗೆದರೆ ವುಡಿ ಹೆಸರಿನಲ್ಲಿ ಐದು, ಬೋ ಹೆಸರಿನಲ್ಲಿ ಒಂದೂ ಇಲ್ಲ. ಈಗ ಹೇಳು, ಯಾರನ್ನು ಯಾವ ತಕ್ಕಡಿಗೆ ಹಾಕುತ್ತೀಯೆ? ಅದೂ ಅಲ್ಲದೆ ಬೋ ಈ ಆಟವನ್ನು ಕಲಿತದ್ದೇ ವುಡಿಯವರ ಕೈಯಲ್ಲಿ. ಓಹಾಯೋದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಅವರ ಹುಡುಗನಾಗಿ ಆಡಿದರು, ಆಮೇಲೆ ಕೊಲಂಬಸ್‌ನಲ್ಲಿ ಅವರ ಸಹಾಯಕರಾಗಿ ದುಡಿದರು, ನೀನು ಈಗ ದುಡಿಯುತ್ತಿರುವ ಹಾಗೆ. 1969ರಲ್ಲಿ ಸತತ 22 ಪಂದ್ಯ ಗೆದ್ದಿದ್ದ ಗುರುವಿನ ತಂಡವನ್ನು ಶಿಷ್ಯ 24–12ರಿಂದ ಕೆಡವಿದ. ಅದು ಬೋ ಗೆಲುವು ಎಂದು ಪುಸ್ತಕದಲ್ಲಿದೆ. ಆದರೆ ಆ ವಿದ್ಯೆ ಬಂದದ್ದು ಎಲ್ಲಿಂದ?

ಬೋ ಅವರಿಗೆ ಆದ ಅನ್ಯಾಯವನ್ನೂ ನೆನೆಯಬೇಕು. 1973ರಲ್ಲಿ ಪಂದ್ಯ 10–10ಕ್ಕೆ ಸಮವಾಯಿತು. ರೋಸ್ ಬೌಲ್‌ಗೆ ಯಾರು ಎಂದು ಬಿಗ್ ಟೆನ್‌ನ ಕ್ರೀಡಾ ನಿರ್ದೇಶಕರು ಮತ ಹಾಕಿ ನಮ್ಮವರನ್ನು ಕಳುಹಿಸಿದರು. ಆಗ ಬಿಗ್ ಟೆನ್‌ನಿಂದ ಒಂದೇ ತಂಡ ಬೌಲ್ ಪಂದ್ಯಕ್ಕೆ ಹೋಗಬಹುದಿತ್ತು. 1972ರಿಂದ ಮೂರು ವರ್ಷದಲ್ಲಿ ಮಿಷಿಗನ್ 30 ಗೆದ್ದು ಎರಡೇ ಸೋತಿತ್ತು, ಒಂದು ಸಮ. ಆ ಮೂರೂ ವರ್ಷದ ಹುಡುಗರು ಒಂದು ಬೌಲ್ ಪಂದ್ಯವನ್ನೂ ಆಡದೆ ಮನೆಗೆ ಹೋದರು. ಆ ನೋವು ಬೋ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅಂಥವರನ್ನು ಯಾವ ಅಂಕಿಯಿಂದ ಅಳೆಯುವುದು?

ನಾನು ಇಲ್ಲಿಗೆ ಬಂದದ್ದು ವುಡಿಯವರ ಇಳಿಗಾಲಕ್ಕೆ. ಮೊದಲ ವರ್ಷ, 1975ರಲ್ಲಿ, 21–14ಕ್ಕೆ ಗೆದ್ದರು. ಹಾಸನದಿಂದ ಬಂದ ನನಗೆ ಆಟವೇ ಅರ್ಥವಾಗುತ್ತಿರಲಿಲ್ಲ, ಆದರೂ ವಿದ್ಯಾರ್ಥಿ ನಿಲಯದ ರೇಡಿಯೊ ಸುತ್ತ ಕೂಗಿದವರ ಜೊತೆ ಕೂಗಿದೆ. ಅದಾದ ಮೇಲೆ ಮೂರು ವರ್ಷ ಸೋಲು: 22–0, 14–6, 14–3. ಆ ಮೂರು ಪಂದ್ಯಗಳಲ್ಲಿ ವುಡಿ ಹೇಯ್ಸ್ ಅವರ ತಂಡ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಕೂಡ ಮಾಡಲಿಲ್ಲ. 1978ರ ಡಿಸೆಂಬರ್‌ನಲ್ಲಿ ಗೇಟರ್ ಬೌಲ್ ಪಂದ್ಯದ ಕೊನೆಯಲ್ಲಿ ಎದುರಾಳಿ ತಂಡದ ಹುಡುಗನೊಬ್ಬ ಚೆಂಡು ಕಸಿದಾಗ ಅವರು ಅವನಿಗೆ ಹೊಡೆದುಬಿಟ್ಟರು. ಮರುದಿನವೇ ಕೆಲಸ ಹೋಯಿತು. 28 ವರ್ಷ, 205 ಗೆಲುವು. ಇಂದಿಗೂ ಕೆಲವರಿಗೆ ನೆನಪಿರುವುದು ಆ ಒಂದು ಹೊಡೆತ ಮಾತ್ರ.

ನೋಡು, ಮತ್ತೆ ಅಲ್ಲಿಗೇ ಬಂದೆ. ಒಂದರಿಂದ ಇಡೀ ಬಾಳನ್ನು ಅಳೆಯುತ್ತಾರೆ ಎಂಬ ನಿನ್ನ ಮಾತಿಗೇ.

ಆ ಡಿಸೆಂಬರ್ ನನ್ನ ಮನಸ್ಸಿನಲ್ಲಿ ಉಳಿಯಲು ಇನ್ನೊಂದು ಕಾರಣವಿದೆ. ನಿನ್ನ ಅಜ್ಜಿ ಹೇಳಿರಲಾರಳು, ಅವಳು ಆಗ ಚಿಕ್ಕವಳು. ನಿನ್ನ ಮುತ್ತಾತ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರು. ‘ಎ’ ವಿಭಾಗ ಅವರದು, ‘ಬಿ’ ವಿಭಾಗ ಇನ್ನೊಬ್ಬ ಮೇಷ್ಟರದು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮುಖ್ಯೋಪಾಧ್ಯಾಯರು ಎರಡೂ ವಿಭಾಗದ ಅಂಕಿಗಳನ್ನು ಎಲ್ಲರೆದುರು ಓದುತ್ತಿದ್ದರು. ಹೆಚ್ಚು ಕಡಿಮೆ ಎಲ್ಲ ವರ್ಷವೂ ‘ಬಿ’ಯೇ ಮುಂದೆ. ನಪಾಸಾಗಿ ಎರಡನೆಯ ಸಲ ಕಟ್ಟಿದ ಹುಡುಗರನ್ನು ಅಪ್ಪ ಕೇಳಿ ತನ್ನ ವಿಭಾಗಕ್ಕೆ ಹಾಕಿಸಿಕೊಳ್ಳುತ್ತಿದ್ದರು ಎನ್ನುವುದು ಆ ಅಂಕಿಯಲ್ಲಿ ಇರಲಿಲ್ಲ. ಸಂಜೆ ನಮ್ಮ ಜಗಲಿಯಲ್ಲಿ ಅವರನ್ನು ಕೂರಿಸಿಕೊಂಡು ಬೀಜಗಣಿತ ಹೇಳಿಕೊಡುತ್ತಿದ್ದದ್ದೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಅವರು ನನಗೆ ಬರೆದ ಕಾಗದ ವುಡಿಯವರನ್ನು ತೆಗೆದ ವಾರವೇ ಕೈಸೇರಿತು. ‘ಕೊನೆಯ ವರ್ಷವೂ ಅವರದೇ ಮೇಲಾಯಿತು’ ಎಂದು ಬರೆದಿದ್ದರು. ನಾನು ಇಲ್ಲಿನ ಹಿಮದ ಬಗ್ಗೆ, ಊಟದ ಬಗ್ಗೆ ಉತ್ತರ ಬರೆದೆ. ಆ ವಯಸ್ಸಿನಲ್ಲಿ ಅಪ್ಪನಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಜಗಲಿಯಲ್ಲಿ ಕಲಿತವರಲ್ಲಿ ಒಬ್ಬ ಎಂಜಿನಿಯರ್ ಆಗಿದ್ದ, ಒಬ್ಬ ತಾನೇ ಮೇಷ್ಟರಾಗಿದ್ದ. ಅಪ್ಪ ತೀರಿಕೊಂಡಾಗ ಅವರೇ ಬಂದು ಹೆಗಲು ಕೊಟ್ಟರು. ನಾನು ಇಲ್ಲಿದ್ದೆ. ಹೇಳಬೇಕಾದದ್ದು ಇಂದಿಗೂ ನನ್ನ ಎದೆಯಲ್ಲೇ ಇದೆ.

ನಿನ್ನ ಸಾಲನ್ನು ಓದಿದಾಗ ನನಗೆ ಕಂಡದ್ದು ಆ ಕಾಗದ. ಬೇರೆಯವರು ಹೋಲಿಸುವುದು ಒಂದು ಕಷ್ಟ. ಆ ಹೋಲಿಕೆಯನ್ನೇ ತನ್ನ ಲೆಕ್ಕವೆಂದು ಒಪ್ಪಿಕೊಂಡು ಮನೆಗೆ ತಂದುಕೊಳ್ಳುವುದು ಬೇರೆಯೇ ಕಷ್ಟ. ನಿನಗೆ ಈ ಎರಡನೆಯದು ಇಷ್ಟು ಬೇಗ ಹತ್ತಿಕೊಂಡಿದೆಯಲ್ಲ ಎಂದು ನನ್ನ ಸಂಕಟ.

ನಾನು ಎಂದೂ ಚೆಂಡು ಹಿಡಿದವನಲ್ಲ, ನಿನಗೆ ಸಲಹೆ ಕೊಡಲು ನನಗೇನು ಅಧಿಕಾರ? ಆದರೂ ಒಂದೆರಡು ಹೇಳುತ್ತೇನೆ, ಬೇಡವೆನಿಸಿದರೆ ಬಿಡು. ಸೋತ ರಾತ್ರಿ ಪಂದ್ಯದ ವಿಡಿಯೊ ಹಾಕಿಕೊಂಡು ಕೂರಬೇಡ. ಮಲಗಿ ಎದ್ದು ನೋಡು. ನಿನ್ನ ಕೈಕೆಳಗಿನ ಹುಡುಗರಲ್ಲಿ ಯಾರು ಯಾವ ತಿಂಗಳು ಏನು ಕಲಿತರು ಎಂದು ಒಂದು ಪುಸ್ತಕದಲ್ಲಿ ಬರೆದಿಡು. ಅದು ಯಾರಿಗೂ ತೋರಿಸಲಿಕ್ಕಲ್ಲ, ನವೆಂಬರ್‌ನಲ್ಲಿ ನೀನೇ ತೆರೆದು ಓದಲಿಕ್ಕೆ.

ತಾಳ್ಮೆಯ ಮಾತನ್ನೂ ಆಡಬೇಕು, ಅದನ್ನು ಮುದುಕರು ಹೇಳಿದರೆ ಚಿಕ್ಕವರಿಗೆ ಬೇಸರ ಎಂದು ಗೊತ್ತಿದ್ದರೂ. ಜಿಮ್ ಹಾರ್ಬಾ ಮಿಷಿಗನ್‌ಗೆ ಬಂದು 2015ರಿಂದ ಐದು ವರ್ಷವೂ ನಮಗೆ ಸೋತರು. ಸಂಬಳ ಕಡಿತವಾಯಿತು. ಆದರೆ ಅವರನ್ನು ಉಳಿಸಿಕೊಂಡರು. ಮುಂದೆ 2021ರಿಂದ ಮೂರು ವರ್ಷ ಮಿಷಿಗನ್ನೇ ಗೆದ್ದಿತು, 2024ರ ಜನವರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ನಮ್ಮ ರಯಾನ್ ಡೇ ಅವರದು ಇನ್ನೂ ವಿಚಿತ್ರ. 2024ರ ನವೆಂಬರ್ 30ರಂದು ಸ್ವಂತ ಕ್ರೀಡಾಂಗಣದಲ್ಲಿ 13–10ಕ್ಕೆ ಸೋತರು, ಮಿಷಿಗನ್ ಎದುರು ಸತತ ನಾಲ್ಕನೆಯ ಸೋಲು. ಅವರನ್ನು ಓಡಿಸಿ ಎಂದು ನಮ್ಮ ದೇವಸ್ಥಾನದ ಪ್ರಸಾದದ ಸಾಲಿನಲ್ಲೂ ಜನ ಮಾತನಾಡಿದರು. 2025ರ ಜನವರಿ 20ರಂದು ಅದೇ ಮನುಷ್ಯ ನೋಟರ್ ಡೇಮ್ ತಂಡವನ್ನು 34–23ಕ್ಕೆ ಮಣಿಸಿ ರಾಷ್ಟ್ರೀಯ ಪ್ರಶಸ್ತಿ ತಂದರು. ಎರಡು ತಿಂಗಳೂ ಆಗಿರಲಿಲ್ಲ. ನವೆಂಬರ್‌ನಲ್ಲಿ ಅಯೋಗ್ಯ ಎಂದವರ ಮಾತನ್ನು ಅವರು ನಂಬಿಬಿಟ್ಟಿದ್ದರೆ?

ಎಲ್ಲರಿಗೂ ಜನವರಿ ಬರುವುದಿಲ್ಲ, ಅದನ್ನೂ ಬಲ್ಲೆ. ಕೂಪರ್‌ಗೆ ಬರಲಿಲ್ಲ. ಆದರೆ ಅವರನ್ನು ತೆಗೆದ ಮೇಲೂ ಅವರು ಈ ಊರು ಬಿಟ್ಟು ಓಡಲಿಲ್ಲ, ಕೊಲಂಬಸ್‌ನಲ್ಲೇ ನೆಲೆಸಿದರು. 2008ರಲ್ಲಿ ಕಾಲೇಜು ಫುಟ್‌ಬಾಲ್‌ನ ಗೌರವ ಮಂದಿರಕ್ಕೆ ಅವರ ಹೆಸರು ಸೇರಿತು. ಎರಡು-ಹತ್ತು-ಒಂದು ಎನ್ನುವವರ ನಡುವೆಯೇ ಅವರು ಅಂಗಡಿಗೆ ಹೋಗಿ ಬಂದು ಬದುಕಿದ್ದಾರೆ. ನನಗೆ ಈಗ ಅವರ ಮೇಲೆ ಇರುವ ಗೌರವ 1996ರಲ್ಲಿ ಇರಲಿಲ್ಲ. ನಿನ್ನನ್ನು ಯಾರಾದರೂ ಕೂಪರ್ ಎಂದರೆ ಅದು ಬೈಗುಳವೇ ಎಂದು ನನಗೆ ಖಚಿತವಿಲ್ಲ.

ನಿಮ್ಮ ಕೋಚ್ ಅವರನ್ನು ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ತೀರ್ಮಾನ ಈ ತಿಂಗಳೇ ಆಗುತ್ತದೆ ಎಂದು ಬರೆದಿದ್ದೀಯೆ. ಅದಕ್ಕೆ ಕಾಯಬೇಡ. ಚೆಂಡು ಹಿಡಿಯುವುದನ್ನು ಬಿಟ್ಟು ಅವರಿಂದ ನೀನು ಏನೇನು ಕಲಿತೆ ಎಂದು ಹೋದ ಸಂಕ್ರಾಂತಿಯಲ್ಲಿ ನನ್ನ ಮುಂದೆ ಒಂದು ಗಂಟೆ ಹೇಳಿದೆಯಲ್ಲ, ಅದನ್ನು ಅವರ ಮುಂದೆ ಹೇಳು. ಎದುರಿಗೆ ಹೇಳಲು ಸಂಕೋಚವಾದರೆ ಕಾಗದದಲ್ಲಿ ಬರೆದುಕೊಡು. ಇದನ್ನು ಸಲಹೆ ಎನ್ನುವುದಿಲ್ಲ. ನನ್ನ ಸಲುವಾಗಿ ಮಾಡು ಎಂದು ಕೇಳಿಕೊಳ್ಳುತ್ತೇನೆ. ಈ ವಾರವೇ ಮಾಡಿ, ಮಾಡಿದೆ ಎಂದು ನನಗೆ ಒಂದು ಫೋನ್ ಮಾಡು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಕೊಲಂಬಸ್ ತಾತ