ಫ್ಲೆಕ್ಸ್ ಬದಲು ಒಂದು ಮೇಜು ಹಾಕಿ

ಮಾನ್ಯರೇ,

ಅಗಲಿದ ಗಣ್ಯರಿಗೆ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟುವವರು ಶಿವಮೊಗ್ಗದಲ್ಲಿ ಅದನ್ನು ಬಿಚ್ಚುವುದನ್ನು ಮಾತ್ರ ಮರೆಯುತ್ತಿದ್ದಾರೆ. ವಿನೋಬನಗರದ ನಮ್ಮ ಬೀದಿಯ ಲೈಟ್ ಕಂಬದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಫ್ಲೆಕ್ಸ್ ಮಳೆಗಾಲ ಪೂರ್ತಿ ನೇತಾಡಿತು. ಒಂದು ಕಡೆಯ ಹಗ್ಗ ಹರಿದು, ಆ ನಗುಮುಖ ಚರಂಡಿಗೆ ತಾಗುತ್ತಿತ್ತು. ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು.

ದುಃಖ ಸುಳ್ಳು ಅನ್ನುತ್ತಿಲ್ಲ. ನಾನೂ ಅವರನ್ನು ಒಮ್ಮೆಯೂ ಎದುರಿಗೆ ಕಂಡವನಲ್ಲ. ಆದರೂ 2021ರ ಅಕ್ಟೋಬರ್ 29ರಂದು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಮ್ಮನಂತೂ 'ಇನ್ನೂ 46, ಸಾಯೋ ವಯಸ್ಸಾ ಅದು' ಎಂದು ಟಿ.ವಿ. ಮುಂದೆ ಕೂತು ಅತ್ತರು. ನೆಂಟರಲ್ಲದವರಿಗೆ ಅಳುವುದು ಹುಚ್ಚು ಅನ್ನುವವರಿದ್ದಾರೆ. ಅನ್ನಲಿ ಬಿಡಿ.

ಪುನೀತ್ ಕಣ್ಣು ದಾನ ಮಾಡಿ ಹೋದರು. ಅದರಿಂದ ನಾಲ್ವರಿಗೆ ದೃಷ್ಟಿ ಬಂತು. ತಂದೆ ರಾಜ್‌ಕುಮಾರ್ ಅವರದೂ ನೇತ್ರದಾನವೇ ಅಲ್ವಾ? ಮುಂದಿನ ಪುಣ್ಯಸ್ಮರಣೆಗೆ ಅಭಿಮಾನಿಗಳು ಫ್ಲೆಕ್ಸ್ ದುಡ್ಡು ಉಳಿಸಿ, ಗೋಪಿ ವೃತ್ತದಲ್ಲಿ ಒಂದು ಮೇಜು ಹಾಕಿ ನೇತ್ರದಾನದ ಅರ್ಜಿ ಇಡಲಿ. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು ಎಂಬುದನ್ನು ಸಹಿ ಹಾಕಿದವರ ಮನೆಯವರಿಗೂ ತಿಳಿಸಲಿ. ಕಟ್ಟಲೇಬೇಕೆಂದರೆ ಬಟ್ಟೆ ಬ್ಯಾನರ್ ಕಟ್ಟಿ, ಮೂರನೇ ದಿನ ಅವರೇ ಬಿಚ್ಚಲಿ.

– ಒಬ್ಬ ಓದುಗ, ವಿನೋಬನಗರ, ಶಿವಮೊಗ್ಗ