ತೋರಣ ಆಮೇಲೆ ಕಟ್ಟಿ, ಟ್ಯಾಂಕು ಮೊದಲು ತೊಳೆಯಿರಿ

ಮಾನ್ಯರೇ,

2025-26ನೇ ಸಾಲಿನಲ್ಲಿ ಶಾಲೆಗಳು ಮೇ 29ಕ್ಕೆ ಆರಂಭವಾದವು. ಶಾಲೆ ತೆರೆಯುವ ದಿನವೆಂದರೆ ಮಾವಿನ ತೋರಣ, ಬಲೂನು, ಮಕ್ಕಳ ಕೈಗೆ ಗುಲಾಬಿ, ಮಧ್ಯಾಹ್ನ ಸಿಹಿಯೂಟ. ಪ್ರಾರಂಭೋತ್ಸವ ಚೆಂದವೇ. ಆದರೆ ಬೇಸಿಗೆ ರಜೆಯಲ್ಲಿ (ಆ ಸಾಲಿಗೆ ಏಪ್ರಿಲ್ 11ರಿಂದ 48 ದಿನ) ಬೀಗ ಬಿದ್ದ ಬಿಸಿಯೂಟದ ಅಡುಗೆಕೋಣೆಯನ್ನು ಅವತ್ತೇ ಬೆಳಿಗ್ಗೆ ತೆಗೆದು, ಟ್ಯಾಂಕಿನಲ್ಲಿ ನಿಂತ ನೀರಲ್ಲೇ ಪಾಯಸ ಮಾಡಿದರೆ ಏನಾದೀತು?

ಸಿಂಧನೂರು, ಮಾನ್ವಿ ಕಡೆಯ ಬಹಳಷ್ಟು ಊರುಗಳಿಗೆ ತುಂಗಭದ್ರಾ ಎಡದಂಡೆ ನಾಲೆಯಿಂದ ತುಂಬಿಸಿದ ಕೆರೆಯ ನೀರೇ ಗತಿ. ನಾಲೆ ಬಂದ್ ಆದ ಮೇಲೆ ಮೇ ಕೊನೆಗೆ ಕೆರೆ ತಳ ಹಿಡಿದಿರುತ್ತದೆ, ನಳದಲ್ಲಿ ಬರುವುದು ಹಸಿರು ರಾಡಿ. ಅದಕ್ಕೆ ನೇರವಾಗಿ ಬ್ಲೀಚಿಂಗ್ ಪೌಡರ್ ಸುರಿದರೆ ಪಾಚಿ, ಕೊಳೆತ ಕಸವೇ ಕ್ಲೋರಿನ್ನನ್ನು ತಿಂದು ಮುಗಿಸುತ್ತವೆ, ರೋಗಾಣು ಹಾಗೇ ಉಳಿಯುತ್ತವೆ. ಹಾಗಾಗಿ ಮೊದಲು ತಿಕ್ಕಬೇಕು, ಪೌಡರ್ ಆಮೇಲೆ.

ನಳದ ಪೈಪು ಟ್ಯಾಂಕಿನ ತಳಕ್ಕಿಂತ ತುಸು ಮೇಲಿರುತ್ತದೆ. ನಳ ಬಿಟ್ಟು ಖಾಲಿ ಮಾಡಿದರೂ ಹೂಳು ಒಳಗೇ ಕೂತಿರುತ್ತದೆ. ಮಗ್ಗಿನಿಂದ ಮೊಗೆದು, ಬಟ್ಟೆಯಿಂದ ಒರೆಸಿ ತೆಗೆಯಬೇಕು. ನಂತರ ನೀರು ತುಂಬಿಸಿ, 1000 ಲೀಟರಿಗೆ 150 ಗ್ರಾಂ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಹಾಕಬೇಕು. ಎಲ್ಲ ನಳಗಳನ್ನೂ ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸಿ, ರಾತ್ರಿಯಿಡೀ ಹಾಗೇ ಬಿಡಬೇಕು. ಬೆಳಿಗ್ಗೆ ಆ ನೀರನ್ನು ಪೂರ್ತಿ ಚೆಲ್ಲಿ, ತೊಳೆದು, ಹೊಸ ನೀರು. ಆಮೇಲೆ ಕುಡಿಯುವ ನೀರಿಗೆ 1000 ಲೀಟರಿಗೆ ನಾಲ್ಕೈದು ಗ್ರಾಂ, ಅರ್ಧ ತಾಸಿನ ಬಿಡುವು ಸಾಕು. ಹೋದ ವರ್ಷ ಬಾಯಿ ಬಿಚ್ಚಿಟ್ಟ ಪೌಡರು ನಮ್ಮ ಬಿಸಿಲಿಗೆ ಸತ್ವ ಕಳೆದುಕೊಂಡಿರುತ್ತದೆ. ಘಾಟು ಇಲ್ಲದಿದ್ದರೆ ಅದು ಬರೀ ಸುಣ್ಣ. ಇನ್ನೊಂದು ಮಾತು: ಬೋರಿನ ನೀರಲ್ಲಿ ಫ್ಲೋರೈಡ್ ಇದ್ದರೆ ಬ್ಲೀಚಿಂಗಿಗೂ ಹೋಗದು, ಕುದಿಸಿದರಂತೂ ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ಅಡುಗೆಕೋಣೆಯಲ್ಲಿ ಗ್ಯಾಸಿನ ರಬ್ಬರ್ ಪೈಪು ಇಲಿ ಕಡಿದಿದೆಯೇ ಎಂದು ಸೋಪಿನ ನೀರು ಸವರಿ ನೋಡಿ. ಉಳಿದ ಅಕ್ಕಿಯಲ್ಲಿ ನುಸಿ ಇದ್ದರೆ ಜರಡಿ ಹಿಡಿದು, ಮೊರದಲ್ಲಿ ಕೇರಿದರೆ ಆಯಿತು. ಗಂಟು ಕಟ್ಟಿ ಬೂಸ್ಟು ವಾಸನೆ ಬಂದ ಅಕ್ಕಿ ಎಷ್ಟು ತೊಳೆದರೂ ಸರಿಯಾಗದು. ಹಾಲಿನ ಪುಡಿ ಒಡೆದ ಪಾಕೀಟಾಗಿದ್ದರೆ ಪಾಯಸಕ್ಕೆ ಬೇಡವೇ ಬೇಡ.

ಅಳತೆಯಲ್ಲೂ ಮೊದಲ ದಿನ ಎಡವುತ್ತಾರೆ. 1ರಿಂದ 5ನೇ ತರಗತಿಯ ನೂರು ಮಕ್ಕಳಿಗೆ 10 ಕಿಲೋ ಅಕ್ಕಿ, 2 ಕಿಲೋ ಬೇಳೆ. 6ರಿಂದ 8ಕ್ಕೆ 15 ಕಿಲೋ, 3 ಕಿಲೋ. ಇದು ಬಂದ ಮಕ್ಕಳ ಲೆಕ್ಕ, ಹಾಜರಿ ಪುಸ್ತಕದ್ದಲ್ಲ. ಗುಳೆ ಹೋದ ಮನೆಗಳು ಮಳೆ ಬಿದ್ದ ಮೇಲೆ, ಕಾರಹುಣ್ಣಿಮೆ ಆಸುಪಾಸಿಗೆ ಮರಳುತ್ತವೆ. ಬೇಳೆ ಮೊದಲು ಇಟ್ಟು, ಪ್ರಾರ್ಥನೆ ಮುಗಿದು ತಲೆ ಎಣಿಸಿದ ಮೇಲೆಯೇ ಅಕ್ಕಿ ತೊಳೆಯಲಿ. ಉಳಿದ ಅನ್ನ ಈ ಸೆಕೆಯಲ್ಲಿ ಸಂಜೆತನಕ ಇಡುವಂಥದ್ದಲ್ಲ.

ಈ ಕೆಲಸಕ್ಕೆಲ್ಲ ಕನಿಷ್ಠ ಮೂರು ದಿನ ಬೇಕು. ಅಡುಗೆಯವರಿಗೆ ಗೌರವಧನ ಸಿಗುವುದು ವರ್ಷದಲ್ಲಿ 10 ತಿಂಗಳಿಗೆ ಮಾತ್ರ. ರಜೆಯಲ್ಲಿ ಬಂದು ತೊಳೆಯಿರಿ ಎಂದರೆ ಅದು ಬಿಟ್ಟಿ ದುಡಿಮೆ. ಶಾಲೆ ತೆರೆಯುವುದಕ್ಕೆ ಮೂರು ದಿನ ಮೊದಲಿಂದಲೇ ಅವರನ್ನು ಕೂಲಿ ಕೊಟ್ಟು ಕರೆಯಲಿ. ಟ್ಯಾಂಕು ಹತ್ತುವ ಕೆಲಸ ಪಂಚಾಯಿತಿಯ ನೀರುಗಂಟಿಗೆ ಒಪ್ಪಿಸಲಿ, ತೊಳೆದ ತಾರೀಖನ್ನು ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆಸಲಿ. ಬೆಂಗಳೂರಿನಿಂದ ಆದೇಶ ಬರಲೆಂದು ಕಾಯಬೇಕಿಲ್ಲ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಒಮ್ಮೆ ಕೂತು ತೀರ್ಮಾನಿಸಿದರೆ ಆಗುತ್ತದೆ.

– ಕೆಲವು ನಿವೃತ್ತ ಮುಖ್ಯಶಿಕ್ಷಕರು ಮತ್ತು ಬಿಸಿಯೂಟದ ಅಡುಗೆಯವರು, ರಾಯಚೂರು ಜಿಲ್ಲೆ