ಕನ್ನಡ ಅಡಿಬರಹದೊಂದಿಗೆ ಜಿಲ್ಲೆಗೂ ಬರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಹತ್ತಾರು ದೇಶಗಳ ಚಿತ್ರಗಳು ಬಂದರೂ, ಅವು ಹೆಚ್ಚಾಗಿ ರಾಜಧಾನಿಯ ಮಲ್ಟಿಪ್ಲೆಕ್ಸ್ ಪರದೆ ದಾಟಿ ಜಿಲ್ಲೆಗಳತ್ತ ಹೊರಳುವುದಿಲ್ಲ. ಹಳ್ಳಿಯವರಿಗೆ ಇಂಥ ಚಿತ್ರ ರುಚಿಸದೆಂಬ ಮಾತನ್ನು ನಾನಂತೂ ಒಪ್ಪಲಾರೆ. 1973ರಲ್ಲೇ ಚಿತ್ರಸಮಾಜ ಕಟ್ಟಿದ ಹೆಗ್ಗೋಡೆಂಬ ಹಳ್ಳಿಯ ರಂಗಸಂಸ್ಥೆ ನೀನಾಸಮ್, ಅಡಿಕೆ ತೋಟದಿಂದ ಎದ್ದು ಬಂದವರಿಗೇ ಜಪಾನಿನ ನಿರ್ದೇಶಕ ಕುರೊಸಾವಾ, ಬಂಗಾಳದ ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ತೋರಿಸಿತ್ತು.

ನಿಜವಾದ ತೊಡಕು ಭಾಷೆಯದು. ಒಮ್ಮೆ ಇರಾನಿನ ಚಿತ್ರವೊಂದಕ್ಕೆ ತಂದೆಯವರನ್ನು ಕರೆದೊಯ್ದಿದ್ದೆ. ಇಂಗ್ಲಿಷ್ ಅಡಿಬರಹ (ಸಬ್‌ಟೈಟಲ್) ಓದಲಾಗದ ಅವರು, ‘ಆ ಹುಡುಗ ಏನಂದ?’ ಎಂದು ಪಿಸುಗುಟ್ಟುತ್ತಲೇ ಇದ್ದರು. ಮುಂದಿನ ಸಾಲಿನವರು ತಿರುಗಿ ನೋಡಿದ ಮೇಲೆ ಕೇಳುವುದನ್ನೇ ಬಿಟ್ಟರು.

ಸಂಬಂಧಪಟ್ಟವರು ಉತ್ಸವದ ಐದಾರು ಚಿತ್ರಗಳಿಗಾದರೂ ಕನ್ನಡ ಅಡಿಬರಹ ಬರೆಸಿ, ಹಕ್ಕುದಾರರ ಅನುಮತಿ ಪಡೆದು, ಜಿಲ್ಲಾ ರಂಗಮಂದಿರಗಳಲ್ಲಿ ವಾರಾಂತ್ಯದ ಸಂಜೆ ಪ್ರದರ್ಶಿಸಬೇಕು. ನಮ್ಮವರೇ ಕಡಿಮೆ ಬಂಡವಾಳದಲ್ಲಿ ತೆಗೆದು, ಊರಿನ ಚಿತ್ರಮಂದಿರದಲ್ಲಿ ಒಂದು ಆಟವೂ ಸಿಗದ ಕನ್ನಡ ಚಿತ್ರಗಳನ್ನೂ ಜೊತೆಗೆ ಸೇರಿಸಬಹುದು. ಪ್ರವೇಶ ಪೂರ್ತಿ ಉಚಿತವಾಗಬೇಕಿಲ್ಲ. ಮೂವತ್ತು ರೂಪಾಯಿ ಟಿಕೆಟ್ ಇಟ್ಟರೂ ಜನ ಬಂದಾರು.

– ಒಬ್ಬ ಓದುಗ, ದಾವಣಗೆರೆ